ವ್ಯೂಸ್ ಬಂದಾಗ ಖುಷಿ ಆಯ್ತು ಮೇಡಂ, ನಾ ಎಂಥಾ ತಂಗಿ?

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನನಗ 17 ವರ್ಷ, ಕಲಬುರಗಿ, ಸೆಕೆಂಡ್ ಪಿಯುಸಿ. ನಾನೂ ನಮ್ಮಣ್ಣನೂ ಕೂಡಿ ನಮ್ಮ ಕಡಿ ಭಾಷಾದಾಗ ಕಾಮಿಡಿ ರೀಲ್ಸ್ ಮಾಡ್ತಿದ್ವಿ, 2 ಲಕ್ಷ ಫಾಲೋವರ್ಸ್ ಅದಾರ. ಐದು ತಿಂಗಳ ಹಿಂದ ಬೈಕ್ ಆಕ್ಸಿಡೆಂಟ್‌ನ್ಯಾಗ ಅಣ್ಣ ತೀರಿಕೊಂಡ (ಶೂಟಿಂಗಿಗಿ ಲೇಟಾಗ್ತದ ಲಗೂ ಬಾ ಅಂತ ನಾನೇ ಫೋನ್ ಮಾಡಿದ್ದೆ). ಮಣ್ಣಿನ ದಿನ ಯಾರೋ ನನ್ನ ವಿಡಿಯೋ ತಗದು ಹಾಕಿದ್ರು, ಅದರಾಗ ನಾ ಅಳ್ಲಕತ್ತಿಲ್ಲ, ಅದಕ್ಕ ಮಂದಿ ಏನೇನೋ ಬರದ್ರು. ಆಮ್ಯಾಲ ನಾ ಅಣ್ಣನ ಫೋಟೋ ಹಾಕಿ ಒಂದ್ ರೀಲ್ ಮಾಡಿದೆ, ನಮ್ಮ ಪೇಜಿಗಿ ಯಾವತ್ತೂ ಬರಲಾರದಷ್ಟು ವ್ಯೂಸ್ ಬಂತು, ಒಂದ್ ಕ್ಷಣ ಖುಷಿ ಆಯ್ತು, ಆಮ್ಯಾಲ ನನ್ನ ಮ್ಯಾಲ ನನಗೇ ಹೇಸಿಗಿ ಬಂತು. ಎರಡು ತಿಂಗಳಾದ ಮ್ಯಾಲ ಒಂದ್ ಕಾಮಿಡಿ ಹಾಕಿದ್ರ "ಅಣ್ಣ ಸತ್ರೂ ಹಲ್ಲು ಕಿಸಿತಾಳ" ಅಂದ್ರು, ಹಾಕಲಿಲ್ಲಂದ್ರ "ಎಲ್ಲಿ ಹೋದಿ ತಂಗಿ" ಅಂತಾರ. ಅವ್ವ ಆ್ಯಪೇ ಡಿಲೀಟ್ ಮಾಡು ಅಂತಾಳ. ಅಪ್ಪ ಏನೂ ಮಾತಾಡಲ್ಲ, ಅಣ್ಣನ ಸಿಮ್ಮಿಗಿ ತಿಂಗಳಾ ತಿಂಗಳಾ ರೀಚಾರ್ಜ್ ಮಾತ್ರ ಮಾಡಿಸ್ತಾನ. ಒಂದು ಅಂಗಡಿಯವ್ರು ಅಣ್ಣನ ನೆನಪಿನ್ಯಾಗ ಪ್ರಮೋಷನ್ ವಿಡಿಯೋ ಮಾಡಿಕೊಡು, ರೊಕ್ಕ ಕೊಡ್ತೀವಿ ಅಂದಾರ. ನಾ ಏನ್ ಮಾಡ್ಲಿ?

ಉತ್ತರ:

ನಿನಗ ನಾ ತಂಗಿ ಅಂತ ಕರಿಯಲ್ಲ, ಬೇಕಂತನೇ. ಈ ಐದು ತಿಂಗಳಾಗ ಗುರ್ತು ಪರಿಚಯ ಇಲ್ಲದ ಎಷ್ಟ್ ಸಾವಿರ ಮಂದಿ ನಿನಗ ತಂಗಿ ಅಂದಿರಬೇಕು, ಆ ಮಾತು ಒಬ್ಬನದಾಗಿತ್ತು. ನಾ ಮಗಳ ಅಂತೀನಿ, ನನ್ನ ವಯಸ್ಸಿಗಿ ಅದೇ ಸರಿ.

ಮೊದಲು ಆ ಖುಷಿ ವಿಷಯ ಮಾತಾಡೂಣು, ಯಾಕಂದ್ರ ನೀ ಕೇಳಿದ್ದು ಪೇಜ್ ಏನ್ ಮಾಡ್ಲಿ ಅಂತ ಆದ್ರೂ ನಿನಗ ರಾತ್ರಿ ನಿದ್ದಿ ಬರಲಾರದಂಗ ಮಾಡಿದ್ದು ಅದೇ ಅನಸ್ತದ. ವ್ಯೂಸ್ ಏರಿದ್ದು ನೋಡಿ ಖುಷಿ ಆಯ್ತು ಅಂದಿ. ಎರಡು ಮೂರು ವರ್ಷ ನೀವಿಬ್ಬರೂ ದಿನಾ ಏನ್ ಮಾಡ್ತಿದ್ರಿ ಹೇಳು, ರೀಲ್ ಹಾಕೋದು, ಒಂದೇ ಫೋನ್ ಇಬ್ಬರೂ ಹಿಡಕೊಂಡು ರಿಫ್ರೆಶ್ ಮಾಡೋದು, ಹತ್ತು ಸಾವಿರ ಆಯ್ತು ಐವತ್ತು ಸಾವಿರ ಆಯ್ತು ಅಂತ ಕೂಗೋದು. ಆ ನಂಬರ್ ಏರೋದಕ್ಕೂ ಖುಷಿ ಆಗೋದಕ್ಕೂ ಅಷ್ಟು ದಿನ ಗಂಟು ಬಿದ್ದದ, ಮೆದುಳಿಗಿ ಆ ವಿಡಿಯೋದಾಗ ಯಾರ ಫೋಟೋ ಅದ ಅಂತ ವಿಚಾರ ಮಾಡ್ಲಿಕ್ಕಿ ಟೈಮೇ ಸಿಗಲ್ಲ, ಮೊದಲು ಖುಷಿ ಬಂದು ಹೋಗ್ತದ, ಆಮ್ಯಾಲ ಬುದ್ಧಿ ಬರ್ತದ. ನೀ ಬರದಿಲ್ಲ ಆದ್ರ ನಾ ಊಹೆ ಮಾಡ್ತೀನಿ, ಆ ಖುಷಿ ಆದ ಮರುಕ್ಷಣ ನೀ ಯಾರಿಗೋ ತೋರ್ಸಬೇಕಂತ ತಲಿ ಎತ್ತಿರ್ತಿ. ತೋರ್ಸಬೇಕಾದಂವ ಇರಲಿಲ್ಲ. ಹೇಸಿಗಿ ಅಂತ ನೀ ಅಂದದ್ದು ಇದೇ ಇರಬೇಕು, ಹೇಸಿಗಿ ಅಲ್ಲ ಅದು, ಅವನಿಲ್ಲ ಅನ್ನೋದು ಮತ್ತೊಂದ್ ಸಲ ಗೊತ್ತಾಗಿದ್ದು.

ಇನ್ನ ಅಳಲಿಲ್ಲ ಅನ್ನೋದು. ನಮ್ಮ ಕಡಿ ಮಣ್ಣಿನ ಮನ್ಯಾಗ ಹೆಣ್ಮಕ್ಕಳು ಹಾಡ್ಯಾಡಿ ಅಳ್ತಾರ, ಸತ್ತವರು ಏನೇನ್ ಮಾಡಿದ್ರು, ಏನ್ ಉಣ್ತಿದ್ರು, ಯಾರಿಗಿ ಏನ್ ಮಾತು ಕೊಟ್ಟಿದ್ರು ಎಲ್ಲಾ ಅದರಾಗ ಬರ್ತದ, ಅದಕ್ಕ ಒಂದ್ ರೀತಿ ಅದ, ರಾಗ ಅದ. ಅದನ್ನ ಮಂದಿ ದುಃಖದ ಅಳತಿ ಅಂತ ತಿಳ್ಕೊಂಡಾರ. ಆದ್ರ ಹದಿನಾರು ಹದಿನೇಳು ವರ್ಷದ ಹುಡುಗೂರಿಗಿ ಅದು ಬರಲ್ಲ, ಯಾರೂ ಕಲ್ಸಿರಲ್ಲ, ಅವರು ಗ್ವಾಡಿಗಿ ಆತು ನಿಂತಿರ್ತಾರ. ನಾ ಎಂಟನೆತ್ತಿ ಇದ್ದಾಗ ನಮ್ಮ ಕಾಕಾನ ಮಗ, ನನಕಿನ್ನ ಒಂದೇ ವರ್ಷ ದೊಡ್ಡಂವ, ಬಾವ್ಯಾಗ ಬಿದ್ದು ಹ್ವಾದ. ಎಲ್ಲಾರೂ ಎದಿ ಬಡ್ಕೊಳ್ಳಕತ್ತಾಗ ನಾ ಅಟ್ಟದ ಮ್ಯಾಲ ಕುಂತು ಸುಸಲಾ ತಿಂದೆ, ಹಸಿವಿ ಆಗಿತ್ತು. ಅತ್ತಿದ್ದು ಯಾವಾಗ ಗೊತ್ತೇನು, ಎಂಟು ತಿಂಗಳಾದ ಮ್ಯಾಲ, ಅವನ ಹಳೇ ಕಂಪಾಸ್ ಪೆಟ್ಟಿಗಿ ಸಿಕ್ಕಾಗ. ಆವಾಗ ಫೋನ್ ಇರಲಿಲ್ಲ ಅಂತ ನಾ ಪಾರಾದೆ, ಇಲ್ಲಂದ್ರ ಸುಸಲಾ ತಿನ್ನೋ ವಿಡಿಯೋ ಇವತ್ತಿಗೂ ತಿರುಗ್ತಿತ್ತು. ಸಡನ್ನಾಗಿ ಸಾವು ಬಂದಾಗ ಮೈ ಮನಸು ಎರಡೂ ಜೋಮು ಹಿಡದಂಗ ಆಗ್ತಾವ, ಕೆಲವರಿಗಿ ಗಂಟೆ, ಕೆಲವರಿಗಿ ತಿಂಗಳು. ನಿನ್ನ ಮುಖದ ಹದಿನೈದು ಸೆಕೆಂಡ್ ನೋಡಿ ನಿನ್ನ ದುಃಖ ಅಳದವರಿಗಿ ಅದು ಗೊತ್ತಿಲ್ಲ, ಅಷ್ಟೇ.

ಇನ್ನೊಂದ್ ಮಾತು, ಈ ರೀಲ್ಸ್‌ನ್ಯಾಗ ಎಲ್ಲಾರೂ ಹೇಳ್ತಾರಲ್ಲ ದುಃಖಕ್ಕ ಐದು ಹಂತ ಅಂತ, ನಂಬಲ್ಲ, ಸಿಟ್ಟು, ಚೌಕಾಶಿ, ಬ್ಯಾಸರಕಿ, ಆಮ್ಯಾಲ ಒಪ್ಪಿಕೊಳ್ಳೋದು, ಅದನ್ನ ನೋಡಿ ನಾ ಯಾವ ಹಂತದಾಗ ಇದೀನಿ ಅಂತ ಲೆಕ್ಕ ಹಾಕ್ಬ್ಯಾಡ. ಎಲಿಸಬೆತ್ ಕ್ಯೂಬ್ಲರ್ ರಾಸ್ ಅನ್ನೋ ಡಾಕ್ಟರು 1969ರಾಗ ಅದನ್ನ ಬರದದ್ದು ತಾವೇ ಸಾಯ್ಲಕತ್ತಿದ್ದ ಪೇಷಂಟ್‌ಗಳ ಜೊತಿ ಮಾತಾಡಿ, ಉಳದವರ ಬಗ್ಗೆ ಅಲ್ಲ. ನನಗ ಕೆಲಸಕ್ಕ ಬಂದದ್ದು 1999ರಾಗ ಸ್ಟ್ರೋಬ್ ಮತ್ತ ಸ್ಖುಟ್ ಅಂತ ಇಬ್ಬರು ಸಂಶೋಧಕರು ಹೇಳಿದ್ದು. ಅವರು ಏನಂತಾರ ಅಂದ್ರ ದುಃಖದಾಗ ಇರೋರು ಎರಡು ಕಡಿ ತೂಗಾಡ್ತಾರ, ಒಂದ್ ಕಡಿ ಹೋದವರ ನೆನಪು, ಸಂಕಟ, ಅಳು, ಇನ್ನೊಂದ್ ಕಡಿ ಕಾಲೇಜು, ಊಟ, ಗೆಳತ್ಯಾರು, ನಗು, ಮುಂದಿನ ಕೆಲಸ. ಎರಡರಾಗ ಒಂದು ಸರಿ ಇನ್ನೊಂದು ತಪ್ಪು ಅಂತಿಲ್ಲ, ತೂಗಾಡೋದೇ ಆರೋಗ್ಯದ ಲಕ್ಷಣ. ಪಂಚಮಿ ಜೋಕಾಲಿ ಅನ್ಕೋ, ಒಂದೇ ಕಡಿ ನಿಂತ್ರ ಅದು ಜೋಕಾಲಿನೇ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ಈ ತೂಗು ಭಾಳ ಜೋರಿರ್ತದ, ಹತ್ತು ನಿಮಿಷ ನಕ್ಕು ಹನ್ನೊಂದನೇ ನಿಮಿಷಕ್ಕ ಬಾತ್‌ರೂಮಿಗಿ ಹೋಗಿ ನಳ ಬಿಟ್ಟು ಅಳ್ತಾರ. ನಿನ್ನ ಕಾಮಿಡಿ ರೀಲ್ ಈ ಕಡಿ ತೂಗು. ಆ ಕಡಿ ತೂಗು ಯಾರಿಗೂ ಕಾಣ್ಸಲಿಲ್ಲ, ಕಾಣ್ಸೋದು ಬ್ಯಾಡ ಕೂಡ.

ಈಗ ಆ ಕಂಸದಾಗ ಬರದದ್ದು. ಉಳದದ್ದೆಲ್ಲಾ ದೊಡ್ಡದಾಗಿ ಬರದು ಇದೊಂದು ಮಾತು ಕಂಸದಾಗ ಮುಚ್ಚಿಟ್ಟಿ, ಲಗೂ ಬಾ ಅಂತ ನಾನೇ ಫೋನ್ ಮಾಡಿದ್ದೆ ಅಂತ. ನೀ ಹಿಂದೂ ಅದೇ ಮಾತು ನೂರು ಸಲ ಅವನಿಗಿ ಹೇಳಿರ್ತಿ, ಲಗೂ ಬಾರೋ, ಲೈಟ್ ಹೋಗ್ತದ, ಬಿಸಿಲು ಇಳಿತದ ಅಂತ. ನೂರು ಸಲನೂ ಅಂವ ಆರಾಮಾಗಿ ಬಂದಾನ, ಬಹುಶಃ ಲೇಟಾಗೇ ಬಂದಾನ, ಅಣ್ಣಂದಿರು ಹಂಗೇ. ಆ ನೂರು ಫೋನ್‌ಗಳು ನಿನಗ ನೆನಪಿಲ್ಲ, ಇದೊಂದೇ ನೆನಪದ, ಯಾಕಂದ್ರ ಆಮ್ಯಾಲ ಏನಾಯ್ತು ಅಂತ ಈಗ ನಿನಗ ಗೊತ್ತದ. ಅವತ್ತು ಗೊತ್ತಿರಲಿಲ್ಲ. ಈಗಿನ ತಿಳುವಳಿಕಿ ತಗೊಂಡು ಹೋಗಿ ಅವತ್ತಿನ ಹುಡುಗಿನ್ನ ಕಟಕಟಿಯಾಗ ನಿಂದರಸಬಾರದು. ಒಂದು ರಸ್ತಾ, ಒಂದು ಬೈಕ್, ಎದುರಿಗಿ ಬಂದ ಗಾಡಿ, ಆ ಟೈಮಿನ ಬೆಳಕು, ಹೆಲ್ಮೆಟ್ಟು, ಇಷ್ಟೆಲ್ಲಾ ಕೂಡಿ ಆದದ್ದನ್ನ ಒಂದು ಫೋನ್ ಕಾಲ್ ಹೆಗಲ ಮ್ಯಾಲ ಹೊರ್ಸಲಿಕ್ಕಿ ಬರಂಗಿಲ್ಲ. ನಾ ಹಿಂಗ ಹೇಳಿದ್ರ ನಿನ್ನ ಮನಸು ಕೂಡಲೇ ಒಪ್ಪಲ್ಲ ಅದೂ ನನಗ ಗೊತ್ತು, ತಪ್ಪು ಅನ್ನೋ ಭಾವನಾ ವಕೀಲರ ವಾದಕ್ಕ ಸೋಲಲ್ಲ. ಅದಕ್ಕ ನೀ ಮಾಡಬೇಕಾದ ಕೆಲಸ ಒಂದೇ, ಈ ಕಂಸ ತಗದು ಒಬ್ಬರ ಮುಂದ ಬಾಯಿ ಬಿಟ್ಟು ಹೇಳು, ಅವ್ವನ ಮುಂದ ಆದ್ರೂ ಸರಿ, ಸೋದರತ್ತಿ ಮುಂದ ಆದ್ರೂ ಸರಿ. ನನ್ನ ಹತ್ರ ಬರೋ ಮಕ್ಕಳಲ್ಲಿ ನೋಡೀನಿ, ಇಂಥ ಮಾತು ಒಳಗಿದ್ದಷ್ಟು ದಿನ ಬೆಳಿತದ. ಆದ್ರ ಕ್ಯಾಮೆರಾ ಮುಂದ ಮಾತ್ರ ಬ್ಯಾಡ. ಇದನ್ನ ಲೈವ್ ಬಂದು ಹೇಳಿ ಹಗುರ ಆಗ್ತೀನಿ ಅಂತ ಒಂದಿನ ಅನಸ್ತದ, ಅವತ್ತು ಫೋನ್ ಅವ್ವನ ಕೈಯಾಗ ಕೊಟ್ಟು ಮಲಕೋ.

ನಮ್ಮ ಊರಾಗ ಸತ್ತ ಮನಿಗಿ ಮಾತಾಡ್ಸಲಿಕ್ಕಿ ಬರ್ತಾರ, ನೀ ನೋಡಿದಿ. ಬರ್ತಾರ, ಚಾಪಿ ಮ್ಯಾಲ ಕುಂದ್ರತಾರ, ಹೆಂಗಾಯ್ತು ಅಂತ ಕೇಳ್ತಾರ, ಅರ್ಧ ಕಪ್ ಚಾ ಕುಡಿತಾರ, ಸಮಾಧಾನ ಮಾಡ್ಕೋರಿ ಅಂತ ಹೇಳಿ ಎದ್ದು ಹೋಗ್ತಾರ. ಕೆಲವರು ಬ್ಯಾಡಾದ್ದು ಮಾತಾಡ್ತಾರ ಖರೇ, ಆದ್ರ ಹೊತ್ತು ಮುಳುಗಿದ ಮ್ಯಾಲ ಮನಿ ನಿಮ್ಮದೇ. ಫೋನ್‌ನ್ಯಾಗ ಬಂದವರು ಎದ್ದು ಹೋಗಲ್ಲ. ರಾತ್ರಿ ಎರಡಕ್ಕೂ ಒಬ್ಬಂವ ಬಂದು ಹೆಂಗಾಯ್ತು ತಂಗಿ ಅಂತ ಕೇಳ್ತಾನ, ಐದು ತಿಂಗಳ ಮ್ಯಾಲೂ ಹೊಸಬರು ಬಂದು ಮೊದಲಿಂದ ಕೇಳ್ತಾರ, ನೀ ಪ್ರತಿ ಸಲ ಅವತ್ತಿನ ದಿನಕ್ಕ ವಾಪಸ್ ಹೋಗ್ಬೇಕು. ಅವರದು ಸುಳ್ಳು ಪ್ರೀತಿ ಅಂತ ನಾ ಅನ್ನಲ್ಲ. ದಿನಾ ಸ್ಕ್ರೀನ್ ಮ್ಯಾಲ ನೋಡಿದವರು ನಮ್ಮ ಮನಿ ಮಂದಿನೇ ಅನಸೋದು ಹೊಸಾದಲ್ಲ, ಟೀವಿ ಬಂದ ಕಾಲಕ್ಕೇ, 1956ರಾಗ, ಹಾರ್ಟನ್ ಮತ್ತ ವೋಲ್ ಅಂತ ಇಬ್ಬರು ಸಂಶೋಧಕರು ಇದರ ಬಗ್ಗೆ ಬರದಿದ್ರು. ಅವರಿಗಿ ನಿಮ್ಮಣ್ಣ ಖರೇನೇ ಬೇಕಾದಂವ. ಆದ್ರ ಅವರು ಕಳಕೊಂಡದ್ದು ಒಂದು ಪಾತ್ರ, ನೀ ಕಳಕೊಂಡದ್ದು ಬಾಜೂ ಖೋಲಿ ಮನುಷ್ಯಾನ್ನ. ಎರಡಕ್ಕೂ ಒಂದೇ ಕಂಬಳಿ ಸಾಕಾಗಲ್ಲ.

ಇದರಾಗ ಒಂದು ಜಾತಿ ಮಂದಿ ಬಗ್ಗೆ ಸ್ವಲ್ಪ ಖಡಕ್ಕಾಗಿ ಹೇಳ್ತೀನಿ. "ಅಳಬ್ಯಾಡ ತಂಗಿ, ಇನ್ ಮ್ಯಾಲ ನಾನೇ ನಿನ್ನ ಅಣ್ಣ" ಅಂತ ಮೆಸೇಜ್ ಮಾಡೋರು. ನೂರರಾಗ ಎಷ್ಟೋ ಮಂದಿ ಒಳ್ಳೆಯವರೇ ಇರ್ತಾರ. ಆದ್ರ ಕೆಟ್ಟವರು ಬರೋದೂ ಇದೇ ಬಾಗಿಲಿಂದ, ನಿನಗ ಏನು ಕಡಿಮಿ ಆಗ್ಯಾದ ಅಂತ ಇಡೀ ಜಗತ್ತಿಗಿ ಗೊತ್ತಿದ್ದಾಗ ಅದನ್ನೇ ಆಗಿ ಬರೋದು ಭಾಳ ಸುಲಭ. ನಂಬರ್ ಕೇಳಿದ್ರ, ಕಾಲೇಜ್ ಯಾವುದು ಕೇಳಿದ್ರ, ಮನ್ಯಾಗ ಹೇಳಬ್ಯಾಡ ಅಂದ್ರ, ರಾಖಿ ಕಟ್ಟಿಸ್ಕೊಳ್ಳಲಿಕ್ಕಿ ಬರ್ತೀನಿ ಎಲ್ಲಿ ಸಿಗ್ತಿ ಅಂದ್ರ, ಉತ್ತರ ಕೊಡದೇ ಬ್ಲಾಕ್ ಮಾಡು, ಪಾಪ ಅನ್ಕೋಬ್ಯಾಡ. ಬೆದರಿಕಿ ಹಾಕಿದ್ರ 1098 ಅದ, ಮಕ್ಕಳ ಸಹಾಯವಾಣಿ, ಹದಿನೆಂಟರ ಒಳಗಿನವರಿಗೆಲ್ಲಾ. ಅಣ್ಣನ ಫೋಟೋ ಹಾಕಿ ಕ್ಯೂಆರ್ ಕೋಡ್ ಇಟ್ಟು ರೊಕ್ಕ ಎತ್ತೋರು ಕಂಡ್ರ ಅಪ್ಪನ ಕಡಿಂದ 1930ಕ್ಕ ಫೋನ್ ಮಾಡ್ಸು.

ಪೇಜಿನ ವಿಷಯಕ್ಕ ಬರ್ತೀನಿ. ಅವ್ವ ಡಿಲೀಟ್ ಮಾಡು ಅಂತಾಳ, ಮಂದಿ ಹಾಕು ಅಂತಾರ, ನೀ ಇಬ್ಬರ ನಡಕ ನಿಂತು ಇವತ್ತೇ ತೀರ್ಮಾನ ಆಗ್ಬೇಕು ಅನ್ಕೊಂಡಿ. ಯಾಕ? ಸತ್ತ ಮನ್ಯಾಗ ವರ್ಷ ತುಂಬೋ ತನಕ ಹಬ್ಬ ಮಾಡಲ್ಲ, ಮಂಗಳ ಕಾರ್ಯ ಮುಂದ ಹಾಕ್ತಾರ, ಹೊಲ ಮನಿ ಮಾರೋ ಮಾತೂ ಆವಾಗ ಎತ್ತಬ್ಯಾಡ್ರಿ ಅಂತ ಹಿರ್ಯಾರು ಹೇಳ್ತಾರ. ನಮ್ಮ ಮುತ್ಯಾಗಳು ಮಾಡಿದ ಎಲ್ಲಾ ಕಟ್ಟಳೆ ನಾ ಒಪ್ಪಲ್ಲ, ಆದ್ರ ಇದೊಂದು ಭಾಳ ಶಾಣ್ಯಾತನದ್ದು. ಪೇಜಿಗೂ ಅದೇ ಇರ್ಲಿ. ವರ್ಷದ್ದು ಆಗೋ ತನಕ ಪೇಜ್ ಅಳಿಸಂಗಿಲ್ಲ, ಮಾರಂಗಿಲ್ಲ, ನಡಸ್ಲೇಬೇಕು ಅಂತನೂ ಇಲ್ಲ. ಒಂದೇ ಪೋಸ್ಟ್ ಹಾಕು, ಮುಖ ತೋರ್ಸಬ್ಯಾಡ, ಹಿಂದ ಅಳೋ ಮ್ಯೂಸಿಕ್ ಬ್ಯಾಡ, ಬರೇ ಅಕ್ಷರ: "ವರ್ಷದ್ದು ಮುಗಿಯೋ ತನಕ ನಾವು ಮನಿ ಮಂದಿ ಜೊತಿ ಇರ್ತೀವಿ. ಮನಸಾದಾಗ ಹಾಕ್ತೀನಿ, ಇಲ್ಲಂದ್ರ ಇಲ್ಲ. ಅಣ್ಣನ ಬಗ್ಗೆ ಕೇಳಬ್ಯಾಡ್ರಿ." ಅಷ್ಟೇ ಪಿನ್ ಮಾಡಿ ಕಾಮೆಂಟ್ ಬಂದ್ ಮಾಡು. ಮನಸಾಗಿ ಕಾಮಿಡಿ ಮಾಡಿದ್ರ ಮಾಡು, ನಗ್ಸೋದು ನಿಮ್ಮಿಬ್ಬರ ಕೆಲಸ ಆಗಿತ್ತು, ಅದನ್ನ ಒಬ್ಬಾಕೆ ಮಾಡಿದ್ರ ಅದು ಅವಮಾನ ಹೆಂಗಾಗ್ತದ. ಒಂದ್ ಮಾತ್ರ ಸುಳ್ಳು ಹೇಳಲ್ಲ, ತಿಂಗಳುಗಟ್ಟಲೆ ಹಾಕದಿದ್ರ ರೀಚ್ ಬೀಳ್ತದ, ಫಾಲೋವರ್ಸ್ ಕಮ್ಮಿ ಆಗ್ತಾರ. ಅದೂ ನೋವಾಗ್ತದ, ಇಬ್ಬರು ಕೂಡಿ ಕಟ್ಟಿದ್ದು ಕರಗಲಕತ್ತದ ಅನಸ್ತದ. ಆದ್ರ ಈ ವರ್ಷ ಆ ನೋವು ನೀ ತಡಕೋಬಲ್ಲಿ, ದಿನಾ ಆ ಕಾಮೆಂಟ್ ಓದೋದು ತಡಕೋಲಿಕ್ಕಿ ಆಗಲ್ಲ.

ಇನ್‌ಸ್ಟಾಗ್ರಾಂ ಸೆಟ್ಟಿಂಗ್‌ನ್ಯಾಗ ಹಿಡನ್ ವರ್ಡ್ಸ್ ಅಂತ ಅದ, ಅದರಾಗ ಸತ್ತ, ಸಾವು, ಹಲ್ಲು ಕಿಸಿ, ಇಂಥವು ಕನ್ನಡದಾಗೂ ಹಾಕು, ಇಂಗ್ಲಿಷ್ ಅಕ್ಷರದಾಗ ಮಂದಿ ಹೆಂಗ ಟೈಪ್ ಮಾಡ್ತಾರೋ ಹಂಗೂ ಹಾಕು, ಅಂಥ ಕಾಮೆಂಟ್ ಮರಿ ಆಗ್ತಾವ. ಒಮ್ಮೆಲೇ ಮಂದಿ ಮುಗಿಬಿದ್ದ ದಿನ ಲಿಮಿಟ್ ಇಂಟರಾಕ್ಷನ್ಸ್ ಆನ್ ಮಾಡು, ಹೊಸಬರ ಮೆಸೇಜು ಕಾಮೆಂಟು ತಡಿತದ. ಹಳೇದು ಓದಿ ಡಿಲೀಟ್ ಮಾಡೋ ಕೆಲಸ ನೀ ಮಾಡಬ್ಯಾಡ, ಮಾಮಾನ ಮಗಳೋ ಗೆಳತಿಯೋ ಮಾಡ್ಲಿ.

ಅವ್ವ ಆ್ಯಪ್ ಡಿಲೀಟ್ ಮಾಡು ಅಂದದ್ದಕ್ಕ ನಾ ಗಾಬರಿ ಆದೆ, ಯಾಕಂದ್ರ ನೀವು ಶೂಟ್ ಮಾಡಿ ಹಾಕಲಾರದೇ ಡ್ರಾಫ್ಟ್‌ನ್ಯಾಗ ಇಟ್ಟ ರೀಲ್ಸ್ ಇರ್ತಾವಲ್ಲ, ಅವು ಇರೋದು ಆ ಫೋನ್‌ನ್ಯಾಗ ಮಾತ್ರ, ಆ್ಯಪ್ ತಗದ್ರ ಅವೂ ಹೋಗ್ತಾವ, ವಾಪಸ್ ಬರಲ್ಲ. ಇವತ್ತೇ ಒಂದೊಂದೂ ಗ್ಯಾಲರಿಗಿ ಸೇವ್ ಮಾಡು, ಇನ್ನೊಂದ್ ಕಾಪಿ ಪೆನ್‌ಡ್ರೈವ್‌ನ್ಯಾಗ ಹಾಕು, ನೋಡ್ಲಿಕ್ಕಿ ಆಗಲಿಲ್ಲಂದ್ರ ನೋಡಬ್ಯಾಡ, ಬರೇ ಸೇವ್ ಮಾಡು. ಪೇಜಿನ ಪೂರಾ ಡೇಟಾನೂ ಡೌನ್‌ಲೋಡ್ ಕೇಳಬಹುದು, ಅದೂ ಮಾಡು. ಅಣ್ಣನ ಸ್ವಂತ ಅಕೌಂಟ್ ಇದ್ರ ಅದನ್ನ ಮೆಮೋರಿಯಲೈಸ್ ಮಾಡ್ಸಿ ಅಂತ ಯಾರೋ ಹೇಳ್ತಾರ, ಹೆಸರಿನ ಜೊತಿ ಸ್ಮರಣೆ ಅಂತ ಬರ್ತದ, ಫೋಟೋ ಎಲ್ಲಾ ಹಂಗೇ ಇರ್ತಾವ, ಆದ್ರ ಆಮ್ಯಾಲ ಅದಕ್ಕ ಯಾರೂ ಲಾಗಿನ್ ಆಗ್ಲಿಕ್ಕಿ ಬರಲ್ಲ. ಮನಿ ಮಂದಿ ಕುಂತು ಮಾತಾಡೋ ತನಕ ಅದಕ್ಕ ಕೈ ಹಚ್ಚಬ್ಯಾಡ್ರಿ.

ಅಂಗಡಿಯವರ ರೊಕ್ಕದ್ದು ಬ್ಯಾಡ ಅನ್ನೋದೇ ನನ್ನ ಉತ್ತರ. ಅಣ್ಣ ಇದ್ದಾಗ ಇಬ್ಬರೂ ಕೂಡಿ ಪ್ರಮೋಷನ್ ಮಾಡಿದ್ರ ಅದು ದುಡಿಮಿ, ಅವನ ಸಾವು ತೋರ್ಸಿ ಅಂಗಡಿ ಮಾಲು ಮಾರೋದು ಬ್ಯಾರೆ, ಇವತ್ತು ಮಾಡಿದ್ದು ಹತ್ತು ವರ್ಷದ ಮ್ಯಾಲೂ ನಿನ್ನ ಕಣ್ಣಿಗಿ ಬೀಳ್ತದ. ಹೇಳಲಿಕ್ಕಿ ಸಂಕೋಚ ಆದ್ರ ಕಾನೂನು ಹೇಳು, 1872ರ ಕರಾರು ಕಾಯ್ದೆ ಪ್ರಕಾರ ಹದಿನೆಂಟರ ಒಳಗಿನವರು ಮಾಡಿದ ಕರಾರು ನಡೆಯಲ್ಲ, ಏನಿದ್ರೂ ಅಪ್ಪನ ಜೊತಿ ಮಾತಾಡ್ರಿ ಅನ್ನು. ಅಪ್ಪ ಈಗ ಯಾರ ಜೊತಿನೂ ಮಾತಾಡಲ್ಲ, ಅಲ್ಲಿಗಿ ಮುಗೀತು.

ನಿಮ್ಮ ಅಪ್ಪ ಅವ್ವ ಇದನ್ನ ಓದ್ತಾರ ಅನ್ಕೊಂಡು ಅವರಿಗೂ ನಾಲ್ಕು ಮಾತು. ಅಣ್ಣಾರೆ, ಅಕ್ಕಾರೆ, ನಿಮ್ಮ ದುಃಖಕ್ಕ ನನ್ನ ಹತ್ರ ಮಾತಿಲ್ಲ. ಆದ್ರ ಮನಿಗಿ ಬಂದವರೆಲ್ಲಾ ಈ ಹುಡುಗಿಗಿ "ಅಪ್ಪ ಅವ್ವನ್ನ ಸಂಭಾಳಿಸು, ಇನ್ ಮ್ಯಾಲ ನೀನೇ ಮಗ" ಅಂತ ಹೇಳಿ ಹೋಗಿರ್ತಾರ. ಮಕ್ಕಳು ಹೋದಾಗ ಎಲ್ಲಾರೂ ತಾಯಿ ತಂದಿನ್ನ ಮಾತಾಡ್ಸತಾರ, ಒಡಹುಟ್ಟಿದವರನ್ನ ನೀ ಹೆಂಗಿದಿ ಅಂತ ಯಾರೂ ಕೇಳಲ್ಲ, ಅವರು ಅಳೋದು ಮುಂದಕ್ಕ ಹಾಕಿ ನಿಮ್ಮ ಮುಖ ನೋಡ್ತಾ ಕುಂದ್ರತಾರ. ಅಕಿ ಮಗ ಆಗೋದು ಬ್ಯಾಡ್ರಿ, ಮಗಳಾಗೇ ಇರ್ಲಿ. ದಿನಾ ಒಂದ್ ಹೊತ್ತು ಮೂರೂ ಮಂದಿ ಕೂಡಿ ಉಣ್ರಿ, ಅವನ ಹೆಸರು ತಗೊಂಡು ಮಾತಾಡ್ರಿ, ಹೆಸರು ತಗೊಂಡ್ರ ಅಕಿಗಿ ನೋವಾಗ್ತದ ಅಂತ ನೀವು ಸುಮ್ಮಿರ್ತೀರಿ, ನಿಮಗ ನೋವಾಗ್ತದ ಅಂತ ಅಕಿ ಸುಮ್ಮಿರ್ತಾಳ, ಹಿಂಗ ಮೂರು ಮಂದಿ ಮೂರು ಖೋಲ್ಯಾಗ.

ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು ಅನ್ನೋದೂ ಹೇಳಿಬಿಡ್ತೀನಿ. ಸಾವಾಗಿ ಆರು ತಿಂಗಳು ದಾಟಿದ ಮ್ಯಾಲೂ ಹೆಚ್ಚುಕಮ್ಮಿ ದಿನಾ ಅದೇ ಹಂಬಲ, ಅಂವ ಹೋಗಿಲ್ಲ ಅನ್ನೋ ಹಂಗ, ಮೈಯೆಲ್ಲಾ ಜೋಮು, ಬದುಕಿಗಿ ಅರ್ಥನೇ ಇಲ್ಲ ಅನಸೋದು, ಕಾಲೇಜಿಗಿ ಹೋಗ್ಲಿಕ್ಕೇ ಆಗಲಾರದ್ದು, ಇವೆಲ್ಲಾ ಕೂಡಿ ಬಿಡಲಾರದಂಗ ಹಿಡಕೊಂಡ್ರ ಅದಕ್ಕ ಈಗ ಬ್ಯಾರೆ ಹೆಸರೇ ಅದ, ದೀರ್ಘ ಶೋಕದ ಕಾಯಿಲೆ ಅಂತ, 2022ರಿಂದ ಡಾಕ್ಟರರ ಪುಸ್ತಕದಾಗ ಬಂದದ, ಚಿಕ್ಕವರಿಗಿ ಆರು ತಿಂಗಳು, ದೊಡ್ಡವರಿಗಿ ಒಂದು ವರ್ಷ ಅಂತ ಅವಧಿ ಇಟ್ಟಾರ. ನಿನ್ನ ಪತ್ರದಾಗ ಅದು ನನಗ ಕಾಣ್ಸಲಿಲ್ಲ, ಆದ್ರ ಪತ್ರದಾಗ ಎಲ್ಲಾ ಕಾಣಲ್ಲ. ನಮ್ಮ ಕಲಬುರಗಿ ಜಿಮ್ಸ್ ಸರ್ಕಾರಿ ಆಸ್ಪತ್ರ್ಯಾಗ ಮನೋರೋಗ ವಿಭಾಗ ಅದ, ಹುಚ್ಚರ ಡಾಕ್ಟರ್ ಅಂತ ಯಾರಾದ್ರೂ ಅಂದ್ರ ಅವರ ಮಾತು ಕಿವಿಗಿ ಹಾಕೋಬ್ಯಾಡ. ಅಣ್ಣನ ಹತ್ರನೇ ಹೋಗ್ಬೇಕು ಅನ್ನೋ ವಿಚಾರ ಬಂತಂದ್ರ ಮಾತ್ರ ಮುಂಜಾನಿ ತನಕ ಕಾಯಬ್ಯಾಡ, ಅವ್ವನ್ನ ಎಬ್ಬಿಸು, 14416ಕ್ಕ ಫೋನ್ ಮಾಡು, ಟೆಲಿ ಮಾನಸ್ ಅಂತ, ಸರ್ಕಾರದ್ದು, ಫ್ರೀ, ರಾತ್ರಿ ಹಗಲೂ ಇರ್ತದ, ಕನ್ನಡದಾಗೇ ಮಾತಾಡ್ತಾರ.

ಮುಂದ ಪಂಚಮಿ ಬರ್ಲಕತ್ತದ, ಅದರ ಹಿಂದೇ ರಾಖಿ. ಅಣ್ಣ ತಂಗಿ ಹಬ್ಬ ಅಂತ ಎಲ್ಲಾರ ಸ್ಟೇಟಸ್‌ನ್ಯಾಗ ಅದೇ ತುಂಬಿರ್ತದ, ನಿಮ್ಮ ಹಳೇ ಪಂಚಮಿ ರೀಲ್ ತಗದು ನಿನಗೇ ಟ್ಯಾಗ್ ಮಾಡ್ತಾರ. ಆ ವಾರ ಪೂರಾ ಆ್ಯಪ್ ಲಾಗೌಟ್ ಇರ್ಲಿ, ಆದ್ರ ಅದಕ್ಕೂ ಮೊದಲು ಡ್ರಾಫ್ಟ್ ಸೇವ್ ಆಗಿರ್ಬೇಕು, ಮರೀಬ್ಯಾಡ. ಹಬ್ಬ ಇಲ್ಲಂತ ಮನ್ಯಾಗ ಕತ್ತಲಿ ಮಾಡಿ ಕುಂದ್ರಬ್ಯಾಡ್ರಿ, ಅವನಿಗಿ ಶೇಂಗಾ ಉಂಡಿ ಇಷ್ಟಿತ್ತಂದ್ರ ನಾಲ್ಕು ಕಟ್ಟಿ ಓಣಿ ಹುಡುಗೂರಿಗಿ ಕೊಡು.

ಅಪ್ಪನ ರೀಚಾರ್ಜ್ ವಿಷಯ ಕೊನಿಗಿ ಇಟ್ಟೀನಿ. ಅದನ್ನ ಬಿಡ್ಸಲಿಕ್ಕಿ ಹೋಗಬ್ಯಾಡ್ರಿ. ರೀಚಾರ್ಜ್ ಇಲ್ಲದೇ ತೊಂಬತ್ತು ದಿನ ಏನೂ ಬಳಸದಿದ್ರ ಸಿಮ್ ಬಂದಾಗಬಹುದು, ಆಮ್ಯಾಲ ಆ ನಂಬರ್ ಬ್ಯಾರೆ ಯಾರಿಗೋ ಹೋಗ್ತದ, ಒಂದಿನ ನೀ ತಪ್ಪಿ ಫೋನ್ ಹಚ್ಚಿದ್ರ ಯಾರೋ ಎತ್ತಿ ಹಲೋ ಅಂತಾರ. ಅಪ್ಪ ಅದನ್ನ ತಡೀಲಕತ್ತಾನ, ಮಾತಾಡದೇ. ಅಣ್ಣನ ವಾಟ್ಸ್ಯಾಪ್ ಮಾತ್ರ ನಾಲ್ಕು ತಿಂಗಳು ತಗೀದಿದ್ರ ಅಕೌಂಟ್ ಹೋಗಿಬಿಡ್ತದ, ಡಿಪಿ ಕಾಣದಂಗ ಆಗಿದ್ರ ಅದಕ್ಕೇ, ಅಂವ ಬ್ಲಾಕ್ ಮಾಡಿಲ್ಲ. ನಿನ್ನ ಫೋನ್‌ನ್ಯಾಗ ಅಂವ ಕಳಿಸಿದ ವಾಯ್ಸ್ ನೋಟ್ಸ್ ಇನ್ನೂ ಅದಾವ, ಅವನ್ನೂ ಪೆನ್‌ಡ್ರೈವಿಗಿ ಹಾಕು. ಹಾಕಿದ ಮ್ಯಾಲ ಒಂದಿನ ಅಪ್ಪ ಒಬ್ಬನೇ ಹೊರಗ ಕಟ್ಟಿ ಮ್ಯಾಲ ಕುಂತಾಗ ಹೋಗಿ ಬಾಜೂ ಕುಂದ್ರು, ಅಂವ ನಿನಗ ಬೈದಿರೋದು ಒಂದು ಇರ್ತದಲ್ಲ, ರೀಟೇಕ್ ಸಲುವಾಗಿ, ಅದನ್ನ ಹಚ್ಚು.